ಯೆನ್ ಮೇಡಂ ‘ಸರಿ’ ಎಂದ ಬರಹ

ತೈನಾನ್ ನಗರದ ಉತ್ತರಕ್ಕೆ, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಆಚೆಗೆ ಒಂದು ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅಲ್ಲಿ ಯೆನ್ ಸೂಚಿನ್ ಇಪ್ಪತ್ತೆರಡು ವರ್ಷದಿಂದ ಒಂದೇ ಪಾಠ ಹೇಳುತ್ತಿದ್ದಳು: ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನೊಳಗೆ ಒಟ್ಟೊಟ್ಟಿಗೆ ನೂರು ಕೆಲಸ ನಡೆಯುವಾಗ ಯಾವುದಕ್ಕೆ ಯಾವಾಗ ಪಾಳಿ, ಯಾವುದು ಯಾವುದಕ್ಕಾಗಿ ಕಾಯಬೇಕು, ಕಾದದ್ದು ಕಾಯುತ್ತಲೇ ಉಳಿದರೆ ಏನು ಗತಿ ಎಂಬುದನ್ನು ಹೇಳುವ ಪಾಠ. ಎರಡನೆಯ ವರ್ಷದ ಮಕ್ಕಳಿಗೆ ಅದು ಕಡ್ಡಾಯ. ಹೆಚ್ಚುಕಡಿಮೆ ಅರ್ಧ ತರಗತಿ ಮೊದಲ ಸಲ ಫೇಲಾಗುತ್ತಿತ್ತು. ಸೂಚಿನ್‌ಗೆ ಅದರಲ್ಲಿ ಅಳುಕೇನೂ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳು ಶಿಂಚುವಿನ ಚಿಪ್ ಕಾರ್ಖಾನೆಗಳಿಂದ ಹಬ್ಬಕ್ಕೆ ಊರಿಗೆ ಬಂದಾಗ, ನಾನು ಯೆನ್ ಮೇಡಂ ಕೈಯಲ್ಲಿ ಪಾಸಾದವನು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆಂಬುದು ಅವಳ ಕಿವಿಗೂ ಬಿದ್ದಿತ್ತು. ಆ ಮಾತು ಅವಳಿಗೆ ಸಾಕಾಗಿತ್ತು.

ಸಾಕಾಗದೆ ಉಳಿದದ್ದು ಒಂದೇ. ಅವಳ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಪ್ರೊಫೆಸರ್ ಆಗಿದ್ದರು, ಅವಳು ಸೇರಿದ ದಿನದ ಹುದ್ದೆಯಲ್ಲೇ ಇದ್ದಳು. ಮೇಲಕ್ಕೇರಲು ಸಂಶೋಧನಾ ಪ್ರಬಂಧ ಬರೆಯಬೇಕು. ಕಪ್ಪು ಹಲಗೆಯ ಮುಂದೆ ನಿಂತರೆ ನೀರು ಹರಿದಂತೆ ಪಾಠ ಹೇಳುವ ಸೂಚಿನ್, ಬರೆಯಲು ಕೂತರೆ ಮರಗಟ್ಟುತ್ತಿದ್ದಳು. ನಾಲ್ಕು ಸಲ ಪತ್ರಿಕೆಗಳಿಗೆ ಕಳಿಸಿದ್ದಳು, ನಾಲ್ಕು ಸಲವೂ ವಾಪಸು ಬಂದಿತ್ತು. ಕೊನೆಯ ಸಲ ಪರಿಶೀಲಿಸಿದವರು ಒಂದೇ ಸಾಲು ಬರೆದಿದ್ದರು: ಲೇಖಕರು ಏನು ಹೇಳಹೊರಟಿದ್ದಾರೆಂಬುದೇ ತಿಳಿಯುತ್ತಿಲ್ಲ. ಆ ಕಾಗದವನ್ನು ಅವಳು ಹರಿದು ಹಾಕಿದಳು. ಸಾಲು ಮಾತ್ರ ತಲೆಯಿಂದ ಹೋಗಲಿಲ್ಲ.

ಹೀಗಿರುವಾಗ ಒಂದು ವರ್ಷ, ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ವಾರ, ವಿಭಾಗದ ಮುಖ್ಯಸ್ಥ ಕಾಂಗ್ ಅವಳನ್ನು ಕರೆಸಿದ. ಊರಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿ ಕಾಲೇಜುಗಳ ಬೆಂಚು ಖಾಲಿಯಾಗುತ್ತಿದ್ದ ಕಾಲ. ಭಾಷೆಯ ಪಾಠಗಳ ಅವಧಿಯನ್ನು ಅರ್ಧಕ್ಕೆ ಇಳಿಸಿದ್ದರು. ಚೀನೀ ಪ್ರಬಂಧ ರಚನೆ ಕಲಿಸುತ್ತಿದ್ದ ಫಾಂಗ್ ಯೂಲಾನ್ ಎಂಬ ಅಧ್ಯಾಪಕಿಗೆ ಮಾಡಲು ಕೆಲಸ ಉಳಿದಿರಲಿಲ್ಲ. ಕಾಂಗ್ ಅವಳನ್ನು ತಂದು ಸೂಚಿನ್‌ಳ ತರಗತಿಗೆ ಗಂಟು ಹಾಕಿದ್ದ.

“ನಮ್ಮ ಮಕ್ಕಳಿಗೆ ಪ್ರೋಗ್ರಾಂ ಬರೆಯೋಕೆ ಬರುತ್ತೆ ಮೇಡಂ. ಬರೆದಿದ್ದು ಏನು ಅಂತ ಬಾಯಿಬಿಟ್ಟು ಹೇಳೋಕೆ ಬರಲ್ಲ. ಕೆಲಸ ಕೊಡೋರೆಲ್ಲ ಇದನ್ನೇ ದೂರ್ತಾರೆ,” ಎಂದ.

“ನನ್ನ ಮಕ್ಕಳು ಕಥೆ ಬರೆಯೋಕೆ ಬಂದಿಲ್ಲ,” ಎಂದಳು ಸೂಚಿನ್.

ಕಥೆಯಲ್ಲ, ವಿವರಣೆ ಎಂದು ಕಾಂಗ್ ಸಮಾಧಾನ ಮಾಡಿದ. ಎರಡು ವಾರಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯೂ ಒಂದು ಪುಟ ಬರೆಯಬೇಕು. ಪಾಠದಲ್ಲಿ ಬಂದ ಒಂದು ವಿಷಯವನ್ನು, ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗೂ ತಿಳಿಯುವಂತೆ ಹೇಳಬೇಕು. ಹೇಳಿದ್ದು ತಿಳಿಯುತ್ತದೆಯೇ ಎಂದು ಫಾಂಗ್ ಮೇಡಂ ನೋಡುತ್ತಾರೆ, ಹೇಳಿದ್ದು ಸರಿಯೇ ಎಂದು ಅವರು ಕೇಳಿದಾಗ ಯೆನ್ ಮೇಡಂ ನೋಡಿಕೊಟ್ಟರಾಯಿತು. ನೂರಕ್ಕೆ ಮೂವತ್ತು ಅಂಕ ಈ ಬರಹಕ್ಕೆ.

ಮೊದಲ ಭೇಟಿಯಲ್ಲಿ ಸೂಚಿನ್‌ಗೆ ಯೂಲಾನ್ ಬಗ್ಗೆ ಮರುಕವೇ ಹುಟ್ಟಿತು. ನಲವತ್ತಾರು ವರ್ಷದ ತೆಳ್ಳನೆಯ ಹೆಂಗಸು. ಬಂದವಳೇ ಕೈಮುಗಿಯುವಂತೆ ಬಾಗಿ, “ಅಕ್ಕ, ನನಗೆ ಕಂಪ್ಯೂಟರ್ ಅಂದ್ರೆ ಆನ್ ಮಾಡೋದು, ಆಫ್ ಮಾಡೋದು. ಅದು ಹಟ ಹಿಡಿದ್ರೆ ಪ್ಲಗ್ ಕೀಳೋದು. ಅಷ್ಟೇ. ನೀವೇ ದಾರಿ ತೋರಿಸ್ಬೇಕು,” ಎಂದಳು. ಇವಳು ಒಂದು ತಿಂಗಳು ನಿಂತರೆ ಹೆಚ್ಚು ಎಂದು ಸೂಚಿನ್ ಮನಸ್ಸಿನಲ್ಲೇ ಲೆಕ್ಕ ಹಾಕಿ, ಅವಳಿಗೆ ಚಹಾ ಕೊಟ್ಟು ಕಳಿಸಿದಳು.

ಮೊದಲ ಬರಹಗಳು ಬಂದವು. ನಲವತ್ತೆಂಟು ಮಕ್ಕಳೂ ಪಠ್ಯಪುಸ್ತಕವನ್ನೇ ಮಗುಚಿಹಾಕಿ ತಂದಿದ್ದರು. ಯೂಲಾನ್ ಒಬ್ಬರನ್ನೂ ಬೈಯಲಿಲ್ಲ. ಪ್ರತಿಯೊಂದು ಹಾಳೆಯ ಮೇಲೂ ಪೆನ್ಸಿಲಿನಲ್ಲಿ, ‘ಇದು ನನಗೆ ಅರ್ಥವಾಗಲಿಲ್ಲ, ಬಂದು ಹೇಳು’ ಎಂದು ಬರೆದು ಹಿಂದಿರುಗಿಸಿದಳು. ಮಕ್ಕಳು ಮೂರನೆಯ ಮಹಡಿಯ ಅವಳ ಕೋಣೆಗೆ ಹೋಗಲೇಬೇಕಾಯಿತು. ಅವರು ಹೇಳುವುದು, ಅವಳು ನಡುವೆ ಬಾಯಿ ಹಾಕುವುದು. ಅದು ಕಾಯುತ್ತಿದೆ ಎಂದೆಯಲ್ಲ, ಯಾರಿಗೆ ಕಾಯುತ್ತಿದೆ? ಕಾಯುತ್ತಿದ್ದೇನೆಂದು ಅದಕ್ಕೆ ಗೊತ್ತೇ? ಅದನ್ನು ಎಬ್ಬಿಸುವವರು ಯಾರು? ಮಕ್ಕಳು ತಲೆ ಕೆರೆದುಕೊಳ್ಳುವರು, ಪುಸ್ತಕ ತಿರುವುವರು, ಅಲ್ಲಿಯೂ ಸಿಗದಿದ್ದರೆ ಎರಡು ಮಹಡಿ ಇಳಿದು ಓಡಿಬಂದು ಸೂಚಿನ್‌ಳ ಬಾಗಿಲಲ್ಲಿ ನಿಲ್ಲುವರು. ಅವಳು ಉತ್ತರ ಹೇಳಿ ಮುಗಿಸುವ ಮೊದಲೇ, “ಗೊತ್ತಾಯ್ತು ಮೇಡಂ, ಥ್ಯಾಂಕ್ಸ್,” ಎಂದು ತಿರುಗಿ ಮೆಟ್ಟಿಲೇರುವರು.

ನಿಘಂಟು ನೋಡಿ ಮುಚ್ಚಿಡುವಂತೆ ತನ್ನನ್ನು ನೋಡಿಹೋಗುತ್ತಿದ್ದಾರೆಂದು ಅವಳಿಗೆ ಅನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೋಣೆಗೆ ಯಾರೂ ಓಡಿಬಂದಿರಲಿಲ್ಲ. ಬಂದವರು ಅಂಕ ಕೇಳಲು ತಲೆತಗ್ಗಿಸಿ ಬಂದಿದ್ದರು. ಈಗ ಓಡಿಬರುತ್ತಿದ್ದಾರೆ ನಿಜ, ಆದರೆ ಓಟ ಮಾತ್ರ ಬೇರೆಯವಳ ಕಡೆಗೆ.

ಅಕ್ಟೋಬರ್ ಕಳೆಯುವಷ್ಟರಲ್ಲಿ ಸೂಚಿನ್‌ಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತು. ತನ್ನ ಮಹಡಿಯಲ್ಲೇ ಜೆರಾಕ್ಸ್ ಯಂತ್ರವಿದ್ದರೂ ಮೂರನೆಯ ಮಹಡಿಯದಕ್ಕೆ ಹೋಗುವುದು. ಅಲ್ಲಿಂದ ಯೂಲಾನ್‌ಳ ಬಾಗಿಲು ಕಾಣುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಯಾವಾಗಲೂ ಐದಾರು ಮಕ್ಕಳು. ಒಳಗೆ ಮೇಜಿನ ಮೇಲೆ ಹೆಚ್ಚಿಟ್ಟ ಸೀಬೆಹಣ್ಣು, ಅದಕ್ಕೆ ಉದುರಿಸಿಕೊಳ್ಳಲು ಹುಳಿ ಪ್ಲಮ್ಮಿನ ಪುಡಿ, ಬಾಯಲ್ಲಿ ಹಣ್ಣಿಟ್ಟುಕೊಂಡೇ ವಾದ ಮಾಡುವ ಹುಡುಗರು. ಒಮ್ಮೆ ಅವಳು ಅಲ್ಲಿ ನಿಂತು ಒಂದೇ ಹಾಳೆಯನ್ನು ಹನ್ನೊಂದು ಸಲ ಪ್ರತಿ ತೆಗೆದಳು. ಒಳಗಿನಿಂದ ನಗು ಕೇಳಿಬಂದಾಗಲೆಲ್ಲ ತನ್ನ ಬಗ್ಗೆಯೇ ನಗುತ್ತಿದ್ದಾರೇನೋ ಎಂದು ಕಿವಿ ನಿಮಿರುತ್ತಿತ್ತು. ತನ್ನ ಬಗ್ಗೆ ಅಲ್ಲವೆಂದು ತಿಳಿದರೆ ಅದನ್ನೂ ಸಹಿಸಲಾಗುತ್ತಿರಲಿಲ್ಲ. ಆ ನಗುವಿನಲ್ಲಿ ಅವಳಿಗೆ ಯಾವ ಪಾಲೂ ಇರಲಿಲ್ಲ.

ಮನೆಯಲ್ಲೂ ಇದೇ ಮಾತು. ಗಂಡ ತಿಯೆನ್‌ಫು ಅಂಚೆ ಕಚೇರಿಯಲ್ಲಿದ್ದವನು, ತಮಾಷೆಯ ಮನುಷ್ಯ. ಊಟದ ಹೊತ್ತಿಗೆ ಅವಳು ಶುರುಮಾಡಿದರೆ ಅವನು ಬಟ್ಟಲೊಳಗೆ ಮುಖ ಹುದುಗಿಸಿ ಕೇಳುತ್ತಿದ್ದ. ಒಂದು ಸಂಜೆ ತಡೆಯಲಾರದೆ, “ಊಟಕ್ಕೆ ಇನ್ನೊಂದು ಬಟ್ಟಲು ಇಟ್ಬಿಡು,” ಎಂದ.

“ಯಾರಿಗೆ?”

“ಫಾಂಗ್ ಮೇಡಂಗೆ. ದಿನಾ ಬರ್ತಾರಲ್ಲ.”

ಅವಳು ತನ್ನ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು. ಕೈ ಬಟ್ಟಲು ತೊಳೆಯುತ್ತಿದ್ದರೂ ಮನಸ್ಸು ಆ ಬೆಂಚಿನ ಮೇಲೆಯೇ ಕೂತಿತ್ತು.

ನವೆಂಬರಿನಲ್ಲಿ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ತೆಗೆಯುವುದು ಸೂಚಿನ್‌ಳ ಕೈಯಲ್ಲಿತ್ತು. ಕೊನೆಯ ಪ್ರಶ್ನೆಯಾಗಿ ಅವಳು ಪ್ರತಿವರ್ಷ ಕಗ್ಗಂಟಿನ ಬಗ್ಗೆ ಕೇಳುತ್ತಿದ್ದಳು. ಎರಡು ಕೆಲಸಗಳು ಒಂದೊಂದು ವಸ್ತು ಹಿಡಿದುಕೊಂಡು, ತನ್ನದು ಬಿಡದೆ, ಇನ್ನೊಂದರ ಕೈಯಲ್ಲಿರುವುದಕ್ಕೆ ಕಾಯುತ್ತ ಕೂತರೆ ಎರಡೂ ಮುಂದೆ ಹೋಗುವುದಿಲ್ಲ, ಅದಕ್ಕೆ ಕಗ್ಗಂಟು ಎನ್ನುತ್ತಾರೆ. ಅದು ಯಾವಾಗ ಬೀಳುತ್ತದೆ, ಹೇಗೆ ಬಿಡಿಸಬೇಕು ಎಂಬ ಪ್ರಶ್ನೆಗೆ ಹೋದ ವರ್ಷ ಏಳು ಜನ ಸರಿಯುತ್ತರ ಬರೆದಿದ್ದರು. ಈ ಸಲ ಮೂವತ್ತೊಂದು ಜನ ಬರೆದರು. ಅದೂ ಅಂತಿಂಥ ಉತ್ತರವಲ್ಲ. ಒಬ್ಬ ಹುಡುಗ ಒಂದೇ ಅಡಿಗೆಮನೆಯಲ್ಲಿ ಬಾಣಲೆ ಹಿಡಿದ ಅತ್ತೆ, ಎಣ್ಣೆ ಶೀಶೆ ಹಿಡಿದ ಸೊಸೆಯ ಉದಾಹರಣೆ ಕೊಟ್ಟಿದ್ದ. ಸೂಚಿನ್ ಮೂವತ್ತೊಂದು ಸಲ ಪೂರ್ಣ ಅಂಕ ಹಾಕಿದಳು. ಒಬ್ಬ ಅಧ್ಯಾಪಕಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಾದ ಹೊತ್ತು ಅದು. ಅವಳಿಗೆ ನುಂಗಲಾರದ ತುತ್ತಾಯಿತು. ಒಳಗೊಳಗೇ ಈ ಮಕ್ಕಳು ಫೇಲಾಗಲಿ ಎಂದು ತಾನು ಬಯಸಿದ್ದೆನೆಂಬುದು ಆಗಲೇ ಅವಳಿಗೆ ತಿಳಿದದ್ದು. ನಾಚಿಕೆಯಾಯಿತು, ಆದರೂ ಉರಿ ತಗ್ಗಲಿಲ್ಲ.

ಅಧ್ಯಾಪಕರ ಸಭೆಯಲ್ಲಿ ಕಾಂಗ್ ಈ ಫಲಿತಾಂಶವನ್ನು ಓದಿ ಹೇಳಿ ಫಾಂಗ್ ಮೇಡಂಗೆ ಚಪ್ಪಾಳೆ ಹೊಡೆಸಿದ. ಯೂಲಾನ್ ಎದ್ದು, ಪಾಠ ಹೇಳಿದವರು ಯೆನ್ ಅಕ್ಕ, ನಾನು ಬರೀ ಅರ್ಥವಾಗಲಿಲ್ಲ ಎಂದವಳು ಎಂದಳು. ಎಲ್ಲರೂ ನಕ್ಕು ಇನ್ನಷ್ಟು ಚಪ್ಪಾಳೆ ತಟ್ಟಿದರು. ಅವಳ ವಿನಯಕ್ಕೂ ಒಂದು ಚಪ್ಪಾಳೆ ಸಿಕ್ಕಿತು ಎಂದುಕೊಂಡು ಸೂಚಿನ್ ತಾನೂ ತಟ್ಟಿದಳು.

ಇಷ್ಟೇ ಆಗಿದ್ದರೆ ಅವಳು ಹಲ್ಲು ಕಚ್ಚಿ ವರ್ಷ ಕಳೆಯುತ್ತಿದ್ದಳೋ ಏನೋ. ಅವಳನ್ನು ಕೆಡಿಸಿದ್ದು ಹೋ ಕಾಯ್‌ಲಿನ್ ಎಂಬ ಹುಡುಗಿಯ ವಿಷಯ.

ಕಾಯ್‌ಲಿನ್ ಬೇಯ್‌ಮೆನ್ ಕಡೆಯವಳು. ಸಮುದ್ರದ ಪಕ್ಕ ಅವರ ಮನೆಯವರಿಗೆ ಹೂಮೀನು ಸಾಕುವ ಕೊಳಗಳಿದ್ದವು. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಕೂತಿದ್ದಳು. ಕಿಟಕಿಯ ಪಕ್ಕದ ಬೆಂಚು, ತುಟಿಪಿಟಕ್ಕೆನ್ನದ ಹುಡುಗಿ. ಹಿಂದಿನ ವರ್ಷ ಸೂಚಿನ್ ಯಾರಿಗೂ ಮಾಡದ ಕೆಲಸ ಅವಳಿಗಾಗಿ ಮಾಡಿದ್ದಳು. ಬುಧವಾರ ಮಧ್ಯಾಹ್ನಗಳಲ್ಲಿ ಕೋಣೆಗೆ ಕರೆಸಿ, ಒಬ್ಬಳನ್ನೇ ಕೂರಿಸಿಕೊಂಡು ಒಂದು ಇಡೀ ಸೆಮಿಸ್ಟರ್ ಪಾಠ ಹೇಳಿದ್ದಳು. ಹುಡುಗಿ ತಲೆಯಾಡಿಸುವಳು, ಬರೆದುಕೊಳ್ಳುವಳು, ಏನಾದರೂ ಕೇಳುವುದಿದೆಯೇ ಎಂದರೆ ಇಲ್ಲ ಎನ್ನುವಳು. ಕೊನೆಗೆ ಮೂವತ್ತೆಂಟು ಅಂಕ. ಕೆಲವರಿಗೆ ಹತ್ತುವುದೇ ಇಲ್ಲ ಎಂದು ಸೂಚಿನ್ ಕೈಚೆಲ್ಲಿದ್ದಳು.

ಆ ಹುಡುಗಿ ಈಗ ಮೂರನೆಯ ಮಹಡಿಯಲ್ಲಿ ಕೈಬೀಸಿ ಮಾತಾಡುತ್ತಿದ್ದಳು. ಎರಡು ಕೊಳಗಳ ನಡುವಿನ ಕಿರಿದಾದ ಏರಿಯ ಮೇಲೆ ಎದುರುಬದುರಾಗಿ ನಿಂತು ಹಿಂದೆ ಸರಿಯಲೊಲ್ಲದ ಎರಡು ಮೀನು ಲಾರಿಗಳ ಬಗ್ಗೆ ಅವಳು ಬರೆದ ಬರಹವನ್ನು ಇಡೀ ತರಗತಿ ಓದಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಮನೆಯಿಂದ ತಂದ ಮೀನುಂಡೆಯ ಡಬ್ಬಿ ಹಿಡಿದು ಸೂಚಿನ್‌ಳ ಬಾಗಿಲ ಮುಂದಿನಿಂದಲೇ ಹಾದುಹೋದಳು. ಬಗ್ಗಿ ವಂದಿಸಿದಳು, ನಿಲ್ಲಲಿಲ್ಲ, ಮೆಟ್ಟಿಲು ಹತ್ತಿದಳು. ಹದಿನಾರು ಬುಧವಾರಕ್ಕೆ ಒಂದು ಮೀನುಂಡೆಯೂ ಸಿಕ್ಕಿರಲಿಲ್ಲವಲ್ಲ ಎಂದು ಸೂಚಿನ್‌ಳ ಎದೆ ಚುರುಕ್ಕೆಂದಿತು. ಐವತ್ತನಾಲ್ಕು ವರ್ಷದ ಹೆಂಗಸು ಮೀನುಂಡೆಗಾಗಿ ಹೀಗೆ ಸಂಕಟಪಡುವುದೇ ಎಂದು ತನ್ನನ್ನು ತಾನೇ ಬೈದುಕೊಂಡಳು.

ಅದೇ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಯೂಲಾನ್ ಒಂದು ಹಾಳೆ ಹಿಡಿದು ಬಂದಳು. ಮುಂದಿನ ವಾರ ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಇಪ್ಪತ್ತು ಜನ ಅಧ್ಯಾಪಕರು ಈ ಹೊಸ ಪಾಠಕ್ರಮ ನೋಡಲು ಬರುವವರಿದ್ದರು. ಅವರ ಮುಂದೆ ಒಬ್ಬ ವಿದ್ಯಾರ್ಥಿ ತನ್ನ ಬರಹ ಓದಬೇಕಿತ್ತು.

“ಅಕ್ಕ, ಕಾಯ್‌ಲಿನ್ ಬರೆದಿದ್ದು. ಇಷ್ಟು ಚೆನ್ನಾಗಿ ಇನ್ಯಾರೂ ಬರೆದಿಲ್ಲ. ಇದನ್ನೇ ಓದಿಸೋಣ ಅಂತ. ನನಗೇನೋ ಚೆನ್ನಾಗಿ ಅರ್ಥ ಆಯ್ತು. ಆದ್ರೆ ನನಗೆ ಅರ್ಥ ಆಗಿದ್ದೆಲ್ಲ ಸರಿ ಇರಬೇಕು ಅಂತೇನಿಲ್ಲವಲ್ಲ. ಸ್ವಲ್ಪ ನೋಡ್ತೀರಾ?”

ಸೂಚಿನ್ ಓದಿದಳು. ಬೇಯ್‌ಮೆನ್ನಿನ ಬಂದರುಕಟ್ಟೆಯಲ್ಲಿ ಬೆಳಗಿನ ಮೀನು ಹರಾಜು. ಒಬ್ಬ ಮುದುಕಿ ಒಂದು ಬುಟ್ಟಿ ಮೀನು ಇಟ್ಟುಕೊಂಡು ಕೂತಿದ್ದಾಳೆ. ದೊಡ್ಡ ಬುಟ್ಟಿಗಳಿಗೆ ಮೊದಲ ಪಾಳಿ. ಅವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ದೋಣಿ ಬರುತ್ತದೆ, ಮತ್ತೆ ದೊಡ್ಡ ಬುಟ್ಟಿಗಳು. ಮುದುಕಿಯ ಮೀನಿನ ಮೇಲಿನ ಐಸು ಕರಗುತ್ತ ಹೋಗುತ್ತದೆ. ಓದುತ್ತ ಓದುತ್ತ ಸೂಚಿನ್‌ಗೆ ತನ್ನ ಊಟ ಮರೆತುಹೋಯಿತು. ಕೊನೆಯ ಸಾಲು ಹೀಗಿತ್ತು: ಇದೇ ಕಗ್ಗಂಟು.

ಅದು ಕಗ್ಗಂಟಾಗಿರಲಿಲ್ಲ. ಅಲ್ಲಿ ಯಾರೂ ಯಾರ ವಸ್ತುವನ್ನೂ ಹಿಡಿದುಕೊಂಡಿರಲಿಲ್ಲ. ಹರಾಜು ಸುಗಮವಾಗಿ ಸಾಗುತ್ತಲೇ ಇತ್ತು, ಮುದುಕಿಯ ಪಾಳಿ ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಬೇರೆಯೇ ಹೆಸರಿದೆ, ಹಸಿವು. ಎರಡರ ರೋಗ ಬೇರೆ, ಮದ್ದು ಬೇರೆ. ಒಂದು ಪದ ತಿದ್ದಿದ್ದರೆ ಸಾಕಿತ್ತು, ಬರಹ ಬಂಗಾರವಾಗುತ್ತಿತ್ತು. ಕೆಂಪು ಪೆನ್ನು ಅವಳ ಕೈಯಲ್ಲೇ ಇತ್ತು.

ಯೂಲಾನ್ ಕಾಯುತ್ತ ನಿಂತಿದ್ದಳು. ಅವಳ ಬೆರಳಿನಿಂದ ಮೀನುಂಡೆಯ ಘಮ ಬರುತ್ತಿತ್ತು.

“ಸರಿ ಇದೆ,” ಎಂದಳು ಸೂಚಿನ್. ಪೆನ್ನಿನ ಮುಚ್ಚಳ ಹಾಕಿದಳು.

ಆ ವಾರವಿಡೀ ಅವಳು ತನಗೆ ತಾನೇ ನೂರು ಸಬೂಬು ಹೇಳಿಕೊಂಡಳು. ಬರುವವರಿಗೆ ಗೊತ್ತಾಗಲಿಕ್ಕಿಲ್ಲ. ಗೊತ್ತಾದರೂ ಯೂಲಾನ್‌ಗೆ ಒಂದಿಷ್ಟು ಮುಖಭಂಗವಾದೀತು, ಕಂಪ್ಯೂಟರ್ ಪಾಠಕ್ಕೆ ಕಂಪ್ಯೂಟರ್ ಬಲ್ಲವರೇ ಬೇಕೆಂದು ಕಾಂಗ್‌ಗೆ ತಿಳಿದೀತು, ಅಷ್ಟೇ ತಾನೆ. ಬೀಳುವ ಏಟು ಯೂಲಾನ್‌ಗೆ ಬೀಳುತ್ತದೆಂದು ಅವಳು ಯೋಚಿಸಿದಳೇ ಹೊರತು, ಹಾಳೆ ಹಿಡಿದು ನಿಲ್ಲುವವಳು ಯಾರೆಂಬುದನ್ನು ಯೋಚಿಸಲಿಲ್ಲ. ಯೋಚಿಸಲು ಅವಳಿಗೆ ಇಷ್ಟವಿರಲಿಲ್ಲ ಎನ್ನುವುದೇ ಸರಿ.

ಆ ದಿನ ದೊಡ್ಡ ಕೋಣೆ ತುಂಬಿತ್ತು. ಕಾಯ್‌ಲಿನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಳು. ಮೊದಲ ಎರಡು ಸಾಲು ನಡುಗುವ ದನಿಯಲ್ಲಿ ಓದಿ, ಮುದುಕಿ ಬುಟ್ಟಿ ಇಳಿಸುವಲ್ಲಿಗೆ ಬಂದಾಗ ದನಿ ಗಟ್ಟಿಯಾಯಿತು. ಇಡೀ ಕೋಣೆ ಉಸಿರು ಬಿಗಿಹಿಡಿದು ಕೇಳಿತು. ಮುಗಿದಾಗ ಚಪ್ಪಾಳೆ ಬಿತ್ತು. ಆಗ ಕಾವ್‌ಶಿಯುಂಗ್‌ನಿಂದ ಬಂದಿದ್ದ ವಯಸ್ಸಾದ ಪ್ರೊಫೆಸರೊಬ್ಬರು ಕೈಯೆತ್ತಿದರು.

“ತುಂಬ ಚೆನ್ನಾಗಿದೆಯಮ್ಮ. ನಾನು ಆ ಅಜ್ಜಿ ಪಕ್ಕದಲ್ಲೇ ಕೂತ ಹಾಗಾಯ್ತು. ಒಂದು ಮಾತು ಕೇಳ್ತೀನಿ. ಇದು ಕಗ್ಗಂಟು ಅಂದ್ಯಲ್ಲ, ಹಾಗಾದ್ರೆ ಅಜ್ಜಿ ಕೈಯಲ್ಲಿರೋ ಯಾವ ವಸ್ತುವಿಗೆ ಬೇರೆಯವರು ಕಾಯ್ತಿದ್ದಾರೆ?”

ಕಾಯ್‌ಲಿನ್ ಹಾಳೆ ನೋಡಿದಳು. ಮೀನು ಎಂದಳು, ಅಲ್ಲ, ಜಾಗ ಎಂದಳು. ಪ್ರೊಫೆಸರರು ಅಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿದರು. ಯಾರೂ ಕಾಯುತ್ತಿಲ್ಲ ಅಲ್ಲವೇ, ಇದಕ್ಕೆ ಬೇರೆ ಹೆಸರಿದೆ, ನಿನ್ನ ಪುಸ್ತಕದಲ್ಲೂ ಇರಬೇಕು ಎಂದರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ, ಆದರೂ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿಯ ಕಿವಿ ಕೆಂಪಾಯಿತು. ಅವಳು ತಲೆಯೆತ್ತಿ ಸೂಚಿನ್‌ಳ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಉತ್ತರ ಬಲ್ಲವರು ಕೋಣೆಯಲ್ಲಿ ಕೂತಿದ್ದಾರೆ, ಈಗ ಎದ್ದು ಹೇಳುತ್ತಾರೆ ಎಂಬ ನಂಬಿಕೆ ಇತ್ತು.

ಸೂಚಿನ್ ಏಳಲಿಲ್ಲ. ಎದ್ದವಳು ಯೂಲಾನ್.

“ತಪ್ಪು ನನ್ನದು,” ಎಂದಳು. “ಸರಿ ಇದೆ ಅಂತ ಇವಳಿಗೆ ಹೇಳಿದ್ದು ನಾನು. ನನಗೆ ಈ ವಿಷಯ ಬರಲ್ಲ. ಬರದೆ ಇರೋ ನಾನು ಸರಿ ಅಂದ್ಬಿಟ್ಟೆ.”

ಯೆನ್ ಅಕ್ಕನನ್ನು ಕೇಳಿದ್ದೆ, ಅವರ ಕೈಯಲ್ಲಿ ನೋಡಿಸಿದ್ದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸೂಚಿನ್ ತನ್ನ ಮೊಣಕಾಲಿನ ಮೇಲಿದ್ದ ಕೈಗಳನ್ನು ನೋಡುತ್ತ ಕೂತಳು.

ಮಾರನೆಯ ದಿನದಿಂದ ಕಿಟಕಿಯ ಪಕ್ಕದ ಬೆಂಚು ಖಾಲಿಯಾಯಿತು. ಕಾಯ್‌ಲಿನ್ ತರಗತಿಗೆ ಬರಲಿಲ್ಲ, ಫೋನಿಗೂ ಸಿಗಲಿಲ್ಲ, ಊರಿಗೆ ಹೋಗಿದ್ದಾಳೆಂದು ಜೊತೆಯ ಹುಡುಗಿಯರು ಹೇಳಿದರು. ಯೂಲಾನ್‌ಳ ಹೆಸರು ಕೆಡುತ್ತದೆ ಎಂದುಕೊಂಡಿದ್ದರೆ ಅದೂ ಆಗಲಿಲ್ಲ. ವಿದ್ಯಾರ್ಥಿಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡವಳೆಂದು ಮಕ್ಕಳು ಅವಳನ್ನು ಇನ್ನಷ್ಟು ಹಚ್ಚಿಕೊಂಡರು. ಬೆಂಚಿನ ಮೇಲೆ ಈಗ ಎಂಟು ಹತ್ತು ಜನ. ಇಷ್ಟೆಲ್ಲ ಆದ ಮೇಲೂ ಸೂಚಿನ್‌ಗೆ ಹೊಟ್ಟೆಕಿಚ್ಚಾಯಿತು. ಯೂಲಾನ್‌ಳ ಸೋಲಿನ ಮೇಲೂ ಹೊಟ್ಟೆಕಿಚ್ಚು. ನಾನು ಹಾಗೆ ಬಿದ್ದಿದ್ದರೆ ಎತ್ತಲು ಯಾರು ಬರುತ್ತಿದ್ದರು ಎಂದು ಅವಳು ಹೆಸರುಗಳನ್ನು ಹುಡುಕಿದಳು, ಒಂದೂ ಸಿಗಲಿಲ್ಲ.

ಐದನೆಯ ದಿನ ಯೂಲಾನ್ ಅವಳ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಕೈಯಲ್ಲಿ ಪಠ್ಯಪುಸ್ತಕವಿತ್ತು. ಹಸಿವಿನ ಪಾಠದ ಪುಟಕ್ಕೆ ಗುರುತು ಹಾಕಿದ್ದಳು.

“ಮೂರು ದಿನ ಕೂತು ಓದಿದೆ ಯೆನ್ ಮೇಡಂ. ನನ್ನಂಥವಳಿಗೇ ಎರಡರ ವ್ಯತ್ಯಾಸ ತಿಳೀತು,” ಎಂದಳು. ಅಕ್ಕ ಎನ್ನಲಿಲ್ಲ. “ನಿಮಗೆ ಅವತ್ತು ತಿಳಿದಿರ್ಲಿಲ್ವಾ?”

ಕೆಲಸದ ಗಡಿಬಿಡಿ, ಊಟದ ಹೊತ್ತು, ಸರಿಯಾಗಿ ಓದಲಿಲ್ಲ. ಹೇಳಬಹುದಾದ ಸುಳ್ಳುಗಳೆಲ್ಲ ಸಾಲಾಗಿ ಬಂದು ನಿಂತವು. ಯಾಕೋ ಸೂಚಿನ್‌ಗೆ ಸಾಕಾಗಿತ್ತು.

“ತಿಳಿದಿತ್ತು,” ಎಂದಳು.

ಯೂಲಾನ್ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವಳು ಅಳುತ್ತಾಳೆಂದು ಸೂಚಿನ್ ಅಂದುಕೊಂಡಿದ್ದಳು. ಅವಳು ಅಳಲಿಲ್ಲ, ಸಿಟ್ಟಾದಳು.

“ನನ್ನ ಮೇಲೆ ಉರಿ ಇದ್ರೆ ನನಗೆ ಬೈಬೇಕಿತ್ತು. ನಾಲ್ಕು ಜನರ ಮುಂದೆ ಬೈದಿದ್ರೂ ನಾನು ಸಹಿಸ್ತಿದ್ದೆ. ಕೆಲಸ ಹೋಗೋ ಹೆದರಿಕೇಲಿ ಬಂದೋಳು ನಾನು, ಇದಕ್ಕಿಂತ ಹೆಚ್ಚಿಂದು ಸಹಿಸಿದ್ದೀನಿ. ಆ ಹುಡುಗಿ ಏನು ಮಾಡಿದ್ಲು ನಿಮಗೆ?”

“ಏನೂ ಮಾಡ್ಲಿಲ್ಲ.”

“ನನ್ನ ಹತ್ರ ಅವಳು ಮಾತಾಡಿದ್ದೆಲ್ಲ ಏನು ಗೊತ್ತಾ? ನೀವು ಹೇಳಿಕೊಟ್ಟಿದ್ದೇ. ಬುಧವಾರ ಬರೆದುಕೊಂಡ ನೋಟ್ಸು ತರ್ತಿದ್ಲು, ಒಂದು ಇಡೀ ಪುಸ್ತಕ. ನಿಮ್ಮ ಮುಂದೆ ಬಾಯಿ ಬಿಡೋಕೆ ಹೆದರಿಕೆ ಅವಳಿಗೆ, ತಪ್ಪಾದ್ರೆ ಮೇಡಂಗೆ ಬೇಜಾರಾಗುತ್ತೆ ಅಂತ. ನನ್ನ ಮುಂದೆ ಹೆದರಿಕೆ ಇಲ್ಲ, ನನಗೆ ಏನೂ ಗೊತ್ತಿಲ್ವಲ್ಲ.” ಅವಳು ಪುಸ್ತಕ ಎತ್ತಿಕೊಂಡಳು. “ಹೋಗಿ ಹೇಳಿ ಅವಳಿಗೆ. ನೀವು ಹೇಳದೇ ಇದ್ರೆ ನಾನು ಹೇಳ್ತೀನಿ.”

ಶನಿವಾರ ಸೂಚಿನ್ ಸ್ಕೂಟರ್ ಹತ್ತಿ ಬೇಯ್‌ಮೆನ್‌ಗೆ ಹೋದಳು. ಒಂದು ಗಂಟೆಯ ದಾರಿ, ಕೊನೆಯ ಅರ್ಧ ಗಂಟೆ ಎದುರುಗಾಳಿ. ದಾರಿಯುದ್ದಕ್ಕೂ ತಿದ್ದಿ ತೀಡಿದ ಮಾತುಗಳೆಲ್ಲ ಆ ಗಾಳಿಗೆ ಹಾರಿಹೋದವು. ಕಾಯ್‌ಲಿನ್ ಮನೆಯ ಅಂಗಳದಲ್ಲಿ ಅಜ್ಜಿಯ ಜೊತೆ ಕೂತು ಸಿಂಪಿ ಬಿಡಿಸುತ್ತಿದ್ದಳು. ಮೇಡಂನ ಕಂಡು ಗಡಬಡಿಸಿ ಎದ್ದು, ಕೈ ಒರೆಸಿಕೊಂಡು, ಸ್ಟೂಲು ತಂದಿಟ್ಟಳು.

ಸೂಚಿನ್ ಕೂರಲಿಲ್ಲ. ನಿನ್ನ ಬರಹದಲ್ಲಿ ತಪ್ಪಿರುವುದು ನನಗೆ ಓದಿದ ಕೂಡಲೇ ತಿಳಿದಿತ್ತು, ಸರಿ ಎಂದು ಬೇಕೆಂದೇ ಹೇಳಿದೆ, ಫಾಂಗ್ ಮೇಡಂ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಿದೆ, ಅವರ ತಪ್ಪೇನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅಜ್ಜಿ ಚಾಕು ಕೆಳಗಿಟ್ಟು ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು.

“ನಾನು ದಡ್ಡಿ ಅಂತ ಮಾಡಿದ್ರಾ ಮೇಡಂ?” ಎಂದಳು ಕಾಯ್‌ಲಿನ್.

“ಇಲ್ಲ. ನೀನು ಅವರ ಹತ್ರ ಮಾತಾಡ್ತೀಯ, ನನ್ನ ಹತ್ರ ಮಾತಾಡಲ್ಲ, ಅದಕ್ಕೆ.”

ದೊಡ್ಡವರು ಹೀಗೆ ತಮ್ಮ ಸಣ್ಣತನ ಒಪ್ಪಿಕೊಂಡದ್ದನ್ನು ಹುಡುಗಿ ಕಂಡಿರಲಿಲ್ಲ. ಪರವಾಗಿಲ್ಲ ಮೇಡಂ ಎನ್ನಲು ಬಾಯಿ ತೆರೆದು, ಅನ್ನಲಿಲ್ಲ.

ನಡುವೆ ಬಾಯಿ ಹಾಕಿದ್ದು ಅಜ್ಜಿ. ಇಷ್ಟೆಲ್ಲ ರಂಪವಾದದ್ದು ಯಾವ ತಪ್ಪಿಗೆ, ಅದನ್ನಾದರೂ ಹೇಳಿ ಎಂದಳು. ಸೂಚಿನ್ ಹೇಳಲು ಹೋದಳು. ಪಾಳಿ ನಿಗದಿ, ಆದ್ಯತೆ, ಸಂಪನ್ಮೂಲ ಎಂದು ನಾಲ್ಕು ಮಾತಾಡುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಹಿಡಿದಳು, ನನಗೆ ಒಂದೂ ಹತ್ತಲಿಲ್ಲ ಎಂದಳು. ಸೂಚಿನ್ ಇನ್ನೊಮ್ಮೆ ಶುರುಮಾಡಿದಳು, ಇನ್ನೊಮ್ಮೆ ಸಿಕ್ಕಿಬಿದ್ದಳು. ಇಪ್ಪತ್ತೆರಡು ವರ್ಷ ಹಲಗೆಯ ಮುಂದೆ ಹೇಳಿದ್ದು ಸಿಂಪಿಯ ಬುಟ್ಟಿಯ ಮುಂದೆ ಬಾಯಿಗೆ ಬರಲೊಲ್ಲದು. ಕಾಯ್‌ಲಿನ್ ನೋಡುತ್ತಿದ್ದಳು. ಮೇಡಂ ತಡವರಿಸುವುದನ್ನು ಅವಳು ಕಂಡದ್ದು ಅದೇ ಮೊದಲು. ಕೊನೆಗೆ ಅವಳೇ ನಡುವೆ ಬಂದಳು.

“ಅಜ್ಜಿ, ಏರಿ ಮೇಲೆ ಎರಡು ಲಾರಿ ಎದುರುಬದುರು ನಿಂತ್ರೆ ಇಬ್ರೂ ಹೋಗೋ ಹಾಗಿಲ್ಲ. ಅದು ಕಗ್ಗಂಟು. ಹರಾಜಲ್ಲಿ ನಿನ್ನ ಪಾಳಿ ಬರ್ದೇ ಇದ್ರೆ ಬೇರೆಯೋರು ಆರಾಮಾಗಿ ಹೋಗ್ತಿರ್ತಾರೆ, ನೀನೊಬ್ಳೇ ಕೂತಿರ್ತೀಯ. ಅದು ಹಸಿವು.”

“ಅಷ್ಟೇನಾ?” ಎಂದಳು ಅಜ್ಜಿ. “ಇಷ್ಟು ಹೇಳೋಕೆ ಈ ಮೇಡಂ ಅಷ್ಟು ಬೆವರು ಸುರಿಸಿದ್ರಾ?”

ಸೂಚಿನ್‌ಗೆ ನಗು ಬಂತು. ಅದರ ಬೆನ್ನಿಗೇ, ಈ ಹುಡುಗಿ ಇಷ್ಟು ಸುಲಭವಾಗಿ ಹೇಳಿಬಿಟ್ಟಳಲ್ಲ ಎಂದು ಹಳೆಯ ಉರಿ ಸಣ್ಣಗೆ ಸುಳಿಯಿತು. ಅದನ್ನು ಅವಳು ಗುರುತಿಸಿದಳು, ಬಾಯಿಗೆ ಬರಗೊಡಲಿಲ್ಲ.

ಸೋಮವಾರ ಅವಳು ನಡೆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಕಾಂಗ್‌ಗೆ ಕೊಟ್ಟಳು. ಬರೆಯಲು ಇಡೀ ಭಾನುವಾರ ಹಿಡಿದಿತ್ತು. ಅವನು ಓದಿ, ಕೆಮ್ಮಿ, ಇದನ್ನು ಇಲ್ಲಿಗೇ ಬಿಡೋಣ ಎಂದು ಡ್ರಾಯರಿಗೆ ಹಾಕಿದ. ಅವನಿಗೆ ಗಲಾಟೆ ಬೇಕಿರಲಿಲ್ಲ. ಆದರೆ ಸೂಚಿನ್ ತರಗತಿಯಲ್ಲಿ, ಅಂದು ಫಾಂಗ್ ಮೇಡಂ ತಮ್ಮ ಮೇಲೆ ಹಾಕಿಕೊಂಡ ತಪ್ಪು ನನ್ನದು ಎಂದು ನಿಂತು ಹೇಳಿದಳು. ನಲವತ್ತೇಳು ಮಕ್ಕಳು ಪಿಳಿಪಿಳಿ ನೋಡಿದರು. ಅವರಿಗೆ ಕಾರಣ ಹೇಳುವಷ್ಟು ಧೈರ್ಯ ಅವಳಿಗೆ ಬರಲಿಲ್ಲ.

ಕಾಯ್‌ಲಿನ್ ಮುಂದಿನ ವಾರ ಬಂದಳು. ಆ ವರ್ಷ ಎಪ್ಪತ್ತೊಂದು ಅಂಕ ತೆಗೆದು ಪಾಸಾದಳು. ಸೂಚಿನ್‌ಳ ಜೊತೆ ಅವಳು ವಾಚಾಳಿಯಾಗಲಿಲ್ಲ. ಒಮ್ಮೆ ಮಾತ್ರ ಪಾಠದ ನಡುವೆ ಕೈಯೆತ್ತಿ, “ಮೇಡಂ, ಅದು ತಿಳೀಲಿಲ್ಲ,” ಎಂದಳು. ಸೂಚಿನ್ ಅದನ್ನು ಎರಡು ಬಗೆಯಲ್ಲಿ ಹೇಳಿದಳು. ಮೂರನೆಯದು ಹೊಳೆಯಲಿಲ್ಲ.

ಯೂಲಾನ್ ಸೂಚಿನ್‌ಳನ್ನು ಬೇಗ ಕ್ಷಮಿಸಲಿಲ್ಲ. ಒಂದಿಡೀ ಸೆಮಿಸ್ಟರ್ ಬರಹಗಳನ್ನು ಲಕೋಟೆಯಲ್ಲಿಟ್ಟು ಬಾಗಿಲ ಕೆಳಗಿನಿಂದ ತಳ್ಳುತ್ತಿದ್ದಳು. ಸೂಚಿನ್ ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದಳು. ಮಾತು ಮತ್ತೆ ಶುರುವಾದದ್ದು ಒಂದು ಜಗಳದಿಂದ. ಒಬ್ಬ ಹುಡುಗನ ಬರಹ ಸರಿಯಾಗಿದೆ ಆದರೆ ತಿಳಿಯುವುದಿಲ್ಲ ಎಂದು ಸೂಚಿನ್, ತಿಳಿಯುತ್ತದೆ ಆದರೆ ಸರಿಯೋ ಇಲ್ಲವೋ ಎಂದು ಯೂಲಾನ್, ಮೆಟ್ಟಿಲ ಮೇಲೆ ನಿಂತು ಅರ್ಧ ಗಂಟೆ ವಾದ ಮಾಡಿದರು. ಗೆಳತಿಯರಾದರು ಎನ್ನುವ ಹಾಗಿಲ್ಲ. ಅಕ್ಕ ಎಂಬ ಮಾತು ಹಿಂದಿರುಗಿ ಬರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವರ್ಷ, ಫಾಂಗ್ ಮೇಡಂ ನಮಗೂ ಬೇಕು ಎಂದು ಎಲೆಕ್ಟ್ರಾನಿಕ್ಸ್ ವಿಭಾಗದವರು ಕೇಳಿದರು. ಕಾಂಗ್ ವಾರದ ಮೂರು ದಿನ ಅವಳನ್ನು ಅಲ್ಲಿಗೆ ಬಿಟ್ಟುಕೊಟ್ಟ. ಸೂಚಿನ್ ಅವನ ಕೋಣೆಗೆ ಹೋಗಿ ಜಗಳವಾಡಿ ಬಂದಳು. ಆ ವಿಭಾಗದವರಿಗೆ ಅವಳ ಬೆಲೆ ಏನು ಗೊತ್ತು, ಸರ್ಕ್ಯೂಟು ಬಿಡಿಸುವವರಿಗೆ ಬರಹ ಯಾಕೆ ಬೇಕು ಎಂದು ಊಟದ ಹೊತ್ತಿಗೆ ಗಂಡನ ಮುಂದೆ ಗೊಣಗಿದಳು.

“ನಾಲ್ಕು ವರ್ಷದ ಹಿಂದೆ ಅವರು ಹೋದ್ರೆ ಸಾಕು ಅಂತಿದ್ದೆ,” ಎಂದ ತಿಯೆನ್‌ಫು.

“ಆಗ ಬೇರೆ,” ಎಂದಳು ಸೂಚಿನ್. “ಈಗ ಮಂಗಳವಾರ ನಮ್ಮ ಮಕ್ಕಳೇ ಹನ್ನೆರಡು ಜನ ಫಾಂಗ್ ಮೇಡಂನ ಹುಡುಕ್ಕೊಂಡು ಆ ವಿಭಾಗದ ಕಟ್ಟಡಕ್ಕೆ ಹೋಗ್ತಿದ್ದಾರೆ. ನಾನೇ ಎಣಿಸಿದೆ.”